ಎಸ್. ಆರ್. ಬೊಮ್ಮಾಯಿ ಮತ್ತು ಭಾರತ ಒಕ್ಕೂಟ ಸರ್ಕಾರ ಪ್ರಕರಣ

ಎಸ್. ಆರ್. ಬೊಮ್ಮಾಯಿ ಮತ್ತು ಭಾರತ ಒಕ್ಕೂಟ ಸರ್ಕಾರ ಪ್ರಕರಣವು ಭಾರತದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 1994ರ ಮಾರ್ಚ್ 11ರಂದು ತೀರ್ಪು ನೀಡಿದ ಪ್ರಕರಣವಾಗಿದೆ. ಸಂವಿಧಾನದ 356ನೇ ವಿಧಿಯ ಅಡಿಯಲ್ಲಿ ರಾಜ್ಯ ಸರ್ಕಾರವೊಂದನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆಯನ್ನು ಹೇರುವ ಅಧಿಕಾರಕ್ಕೆ ಇರುವ ಮಿತಿಗಳನ್ನು ಈ ತೀರ್ಪು ನಿಗದಿಪಡಿಸಿತು. 1989ರ ಏಪ್ರಿಲ್‌ನಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು ವಿಧಾನಸಭೆಯಲ್ಲಿ ಬಹುಮತ ಪರೀಕ್ಷೆಗೆ ಅವಕಾಶ ನೀಡದೆ ವಜಾ ಮಾಡಿದ್ದು ಪ್ರಕರಣದ ಮೂಲ. ಇದರೊಂದಿಗೆ ನಾಗಾಲ್ಯಾಂಡ್, ಮೇಘಾಲಯ, ಮಧ್ಯಪ್ರದೇಶ, ರಾಜಸ್ಥಾನ ಹಾಗೂ ಹಿಮಾಚಲ ಪ್ರದೇಶಗಳಿಗೆ ಸಂಬಂಧಿಸಿದ ಮೊಕದ್ದಮೆಗಳನ್ನೂ ಒಟ್ಟಿಗೆ ವಿಚಾರಣೆ ಮಾಡಲಾಯಿತು.

ಸರ್ಕಾರಕ್ಕೆ ಬಹುಮತವಿದೆಯೇ ಇಲ್ಲವೇ ಎಂಬುದು ತೀರ್ಮಾನವಾಗಬೇಕಾದುದು ರಾಜಭವನದಲ್ಲಲ್ಲ, ಸದನದಲ್ಲಿ ಎಂಬ ಇಂದು ಸಾಮಾನ್ಯವಾಗಿರುವ ನಿಯಮವು ನ್ಯಾಯಾಲಯದ ಮಾತಾಗಿ ಸ್ಥಿರಗೊಂಡದ್ದು ಈ ತೀರ್ಪಿನಿಂದ.

356ನೇ ವಿಧಿ

ರಾಜ್ಯವೊಂದರ ಸರ್ಕಾರವನ್ನು ಸಂವಿಧಾನದ ಉಪಬಂಧಗಳಿಗೆ ಅನುಸಾರವಾಗಿ ನಡೆಸಲು ಸಾಧ್ಯವಿಲ್ಲದ ಪರಿಸ್ಥಿತಿ ಉಂಟಾಗಿದೆ ಎಂದು ರಾಜ್ಯಪಾಲರ ವರದಿಯಿಂದಾಗಲಿ ಅನ್ಯಥಾ ಆಗಲಿ ರಾಷ್ಟ್ರಪತಿಗೆ ಮನವರಿಕೆಯಾದರೆ, ಅವರು ಉದ್ಘೋಷಣೆ ಹೊರಡಿಸಿ ಆ ರಾಜ್ಯ ಸರ್ಕಾರದ ಕಾರ್ಯಗಳನ್ನು ತಾವೇ ವಹಿಸಿಕೊಳ್ಳಬಹುದು ಎಂದು ಈ ವಿಧಿ ಹೇಳುತ್ತದೆ. ಉದ್ಘೋಷಣೆಯನ್ನು ಸಂಸತ್ತಿನ ಎರಡೂ ಸದನಗಳ ಮುಂದೆ ಮಂಡಿಸಬೇಕು. ಎರಡು ತಿಂಗಳೊಳಗೆ ಎರಡೂ ಸದನಗಳು ಅನುಮೋದಿಸದಿದ್ದರೆ ಅದು ತಾನಾಗಿಯೇ ಕೊನೆಗೊಳ್ಳುತ್ತದೆ. ಉಚ್ಚ ನ್ಯಾಯಾಲಯದ ಅಧಿಕಾರಗಳನ್ನು ಮಾತ್ರ ರಾಷ್ಟ್ರಪತಿಯವರು ವಹಿಸಿಕೊಳ್ಳುವಂತಿಲ್ಲ. ಬೊಮ್ಮಾಯಿಯವರು ವಜಾಗೊಂಡ ಐದೇ ದಿನಗಳಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಮೆಟ್ಟಿಲೇರಲು ಸಾಧ್ಯವಾದದ್ದರಲ್ಲಿ ಈ ಪರಂತುಕದ ಪಾಲೂ ಇದೆ.

ಇಲ್ಲಿ ಮನವರಿಕೆ ಎಂಬುದು ರಾಷ್ಟ್ರಪತಿಯವರ ವೈಯಕ್ತಿಕ ಅಭಿಪ್ರಾಯವಲ್ಲ. 74ನೇ ವಿಧಿಯ ಪ್ರಕಾರ ರಾಷ್ಟ್ರಪತಿಯವರು ಕೇಂದ್ರ ಮಂತ್ರಿಮಂಡಲದ ಸಲಹೆಯಂತೆ ನಡೆಯುತ್ತಾರೆ. 1974ರ ಶಂಶೇರ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಸ್ಪಷ್ಟಪಡಿಸಿದೆ. ಆದ್ದರಿಂದ ರಾಷ್ಟ್ರಪತಿ ಆಳ್ವಿಕೆ ಎಂಬ ಹೆಸರಿದ್ದರೂ ವಾಸ್ತವದಲ್ಲಿ ಅದು ಕೇಂದ್ರ ಸಂಪುಟದ ಆಳ್ವಿಕೆ. 1978ರ 44ನೇ ತಿದ್ದುಪಡಿಯು ಸಲಹೆಯನ್ನು ಮರುಪರಿಶೀಲನೆಗೆ ಒಮ್ಮೆ ಹಿಂದಿರುಗಿಸುವ ಅವಕಾಶವನ್ನು ರಾಷ್ಟ್ರಪತಿಗೆ ನೀಡಿತು.

ಈ ವಿಧಿಯ ಮೂಲವು 1935ರ ಭಾರತ ಸರ್ಕಾರ ಕಾಯಿದೆಯ 93ನೇ ಪ್ರಕರಣದಲ್ಲಿದೆ. ಸಂವಿಧಾನ ರಚನಾ ಸಭೆಯಲ್ಲಿ ಇದರ ದುರುಪಯೋಗದ ಬಗ್ಗೆ ಆತಂಕ ವ್ಯಕ್ತವಾದಾಗ, ಇದು ಬಳಕೆಗೇ ಬಾರದೆ ಉಳಿಯುವುದೆಂಬ ನಿರೀಕ್ಷೆಯನ್ನು ಬಿ. ಆರ್. ಅಂಬೇಡ್ಕರ್ ವ್ಯಕ್ತಪಡಿಸಿದ್ದರು. ಆ ನಿರೀಕ್ಷೆ ಹುಸಿಯಾಯಿತು. 1994ರ ವೇಳೆಗೆ ಈ ವಿಧಿಯನ್ನು 90ಕ್ಕೂ ಹೆಚ್ಚು ಬಾರಿ ಪ್ರಯೋಗಿಸಲಾಗಿತ್ತು.

1975ರ 38ನೇ ತಿದ್ದುಪಡಿಯು ರಾಷ್ಟ್ರಪತಿಯವರ ಮನವರಿಕೆಯನ್ನು ಯಾವುದೇ ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ ಎಂದು ಈ ವಿಧಿಗೆ ಸೇರಿಸಿತ್ತು. 44ನೇ ತಿದ್ದುಪಡಿ ಅದನ್ನು ತೆಗೆದುಹಾಕಿತು. ಈ ನಡುವೆ 1977ರ ರಾಜಸ್ಥಾನ ರಾಜ್ಯ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠವು ಉದ್ಘೋಷಣೆಯನ್ನು ದುರುದ್ದೇಶದಂತಹ ಅತ್ಯಂತ ಸೀಮಿತ ಕಾರಣಗಳಿಗಾಗಿ ಮಾತ್ರ ಪರಿಶೀಲಿಸಬಹುದು ಎಂಬ ನಿಲುವನ್ನು ತಳೆದಿತ್ತು. ಬೊಮ್ಮಾಯಿ ಪ್ರಕರಣ ನ್ಯಾಯಾಲಯಕ್ಕೆ ಬಂದಾಗ ಕಾನೂನಿನ ಸ್ಥಿತಿ ಇದಾಗಿತ್ತು.

ಕರ್ನಾಟಕದ ಹಿನ್ನೆಲೆ

1985ರ ಮಾರ್ಚ್‌ನಲ್ಲಿ ನಡೆದ ಚುನಾವಣೆಯಲ್ಲಿ ಜನತಾ ಪಕ್ಷವು ವಿಧಾನಸಭೆಯ 224 ಸ್ಥಾನಗಳಲ್ಲಿ 139ನ್ನು ಗೆದ್ದು, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ದೂರವಾಣಿ ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ 1988ರ ಆಗಸ್ಟ್‌ನಲ್ಲಿ ಹೆಗಡೆಯವರು ರಾಜೀನಾಮೆ ನೀಡಿದ ಮೇಲೆ ಅದೇ ತಿಂಗಳು ಬೊಮ್ಮಾಯಿ ಅಧಿಕಾರ ವಹಿಸಿಕೊಂಡರು. ಸೆಪ್ಟೆಂಬರ್‌ನಲ್ಲಿ ಜನತಾ ಪಕ್ಷ ಮತ್ತು ಲೋಕದಳದ ಒಂದು ಬಣ ವಿಲೀನವಾಗಿ ಜನತಾ ದಳ ರೂಪುಗೊಂಡಿತು. ವಿಲೀನದಿಂದ ಒಳಜಗಳ ಕಡಿಮೆಯಾಗಲಿಲ್ಲ. ಕೇಂದ್ರದಲ್ಲಿ ರಾಜೀವ್ ಗಾಂಧಿಯವರ ಕಾಂಗ್ರೆಸ್ ಸರ್ಕಾರವಿತ್ತು. ರಾಜ್ಯಪಾಲರಾಗಿದ್ದವರು ಪಿ. ವೆಂಕಟಸುಬ್ಬಯ್ಯ.

1989ರ ಏಪ್ರಿಲ್‌ನ ಘಟನೆಗಳು

ಏಪ್ರಿಲ್ 15ರಂದು ಬೊಮ್ಮಾಯಿಯವರು 13 ಮಂದಿಯನ್ನು ಸೇರಿಸಿಕೊಂಡು ಸಂಪುಟವನ್ನು ವಿಸ್ತರಿಸಿದರು. ಎರಡು ದಿನಗಳ ಬಳಿಕ, ಏಪ್ರಿಲ್ 17ರಂದು, ಜನತಾ ದಳದ ಶಾಸಕ ಕೆ. ಆರ್. ಮೊಳಕೇರಿ ಪಕ್ಷವನ್ನು ತೊರೆದು ರಾಜ್ಯಪಾಲರಿಗೆ ಪತ್ರ ಸಲ್ಲಿಸಿದರು. ಜೊತೆಯಲ್ಲಿ, ಸರ್ಕಾರಕ್ಕೆ ನೀಡಿದ ಬೆಂಬಲವನ್ನು ಹಿಂತೆಗೆದುಕೊಂಡಿರುವುದಾಗಿ ಶಾಸಕರು ಸಹಿ ಮಾಡಿದ್ದರೆನ್ನಲಾದ 19 ಪತ್ರಗಳಿದ್ದವು.

ಏಪ್ರಿಲ್ 19ರಂದು ರಾಜ್ಯಪಾಲರು ರಾಷ್ಟ್ರಪತಿಗೆ ವರದಿ ಕಳುಹಿಸಿದರು. ಆಡಳಿತ ಪಕ್ಷದಲ್ಲಿ ಭಿನ್ನಮತ ಮತ್ತು ಪಕ್ಷಾಂತರಗಳು ನಡೆದಿವೆ, ಈ ಪತ್ರಗಳ ಕಾರಣದಿಂದ ಮುಖ್ಯಮಂತ್ರಿಗೆ ಬಹುಮತ ಉಳಿದಿಲ್ಲ, ಬೇರೆ ಯಾವ ಪಕ್ಷವೂ ಸರ್ಕಾರ ರಚಿಸುವ ಸ್ಥಿತಿಯಲ್ಲಿಲ್ಲ ಎಂಬುದು ವರದಿಯ ಸಾರ. 356ನೇ ವಿಧಿಯಂತೆ ಕ್ರಮ ಕೈಗೊಳ್ಳಬೇಕೆಂದು ಅವರು ಶಿಫಾರಸು ಮಾಡಿದರು. ವರದಿ ಕಳುಹಿಸುವ ಮೊದಲು ವಿಧಾನಸಭೆಯಲ್ಲಿ ವಿಶ್ವಾಸಮತ ಕೋರುವಂತೆ ಮುಖ್ಯಮಂತ್ರಿಗೆ ಅವರು ಸೂಚಿಸಲಿಲ್ಲ.

ಮರುದಿನವೇ ಚಿತ್ರ ಬದಲಾಯಿತು. 19 ಶಾಸಕರ ಪೈಕಿ ಏಳು ಮಂದಿ, ತಪ್ಪು ತಿಳಿವಳಿಕೆ ನೀಡಿ ತಮ್ಮಿಂದ ಸಹಿ ಪಡೆಯಲಾಗಿದೆಯೆಂದೂ ತಮ್ಮ ಬೆಂಬಲ ಸರ್ಕಾರಕ್ಕೇ ಇದೆಯೆಂದೂ ರಾಜ್ಯಪಾಲರಿಗೆ ಬರೆದರು. ಅದೇ ದಿನ ಸಚಿವ ಸಂಪುಟ ಸಭೆ ಸೇರಿ, ಏಪ್ರಿಲ್ 27ರಂದು ವಿಧಾನಸಭೆಯ ಅಧಿವೇಶನ ಕರೆಯಲು ತೀರ್ಮಾನಿಸಿತು. ಬೊಮ್ಮಾಯಿ ಮತ್ತು ಅವರ ಕಾನೂನು ಸಚಿವರು ರಾಜ್ಯಪಾಲರನ್ನು ಕಂಡು ಈ ತೀರ್ಮಾನವನ್ನು ತಿಳಿಸಿದರು. ಅಗತ್ಯವಾದರೆ ಇನ್ನೂ ಮುಂಚಿತವಾಗಿಯೇ ಅಧಿವೇಶನ ಕರೆದು ಬಹುಮತ ಸಾಬೀತುಪಡಿಸಲು ಸಿದ್ಧವೆಂದರು. ಇದೇ ಅಂಶವನ್ನು ಟೆಲೆಕ್ಸ್ ಸಂದೇಶದ ಮೂಲಕ ರಾಷ್ಟ್ರಪತಿಗೂ ತಿಳಿಸಲಾಯಿತು. ಸರ್ಕಾರದ ಬಲಾಬಲವನ್ನು ಸದನದಲ್ಲೇ ಪರೀಕ್ಷಿಸಬೇಕೆಂಬ ಸರ್ಕಾರಿಯಾ ಆಯೋಗದ ಶಿಫಾರಸನ್ನೂ ರಾಜ್ಯಪಾಲರ ಗಮನಕ್ಕೆ ತಂದುದಾಗಿ ಬಳಿಕ ಅರ್ಜಿಯಲ್ಲಿ ಹೇಳಲಾಯಿತು. ಕೇಂದ್ರ–ರಾಜ್ಯ ಸಂಬಂಧಗಳ ಪರಿಶೀಲನೆಗೆ 1983ರಲ್ಲಿ ನೇಮಕವಾಗಿದ್ದ ಆ ಆಯೋಗವು ತನ್ನ ಕೆಲಸ ಮುಗಿಸಿ ಆಗ ಹೆಚ್ಚು ಕಾಲವೇನೂ ಆಗಿರಲಿಲ್ಲ.

ರಾಜ್ಯಪಾಲರು ಅದೇ ಏಪ್ರಿಲ್ 20ರಂದು ಎರಡನೆಯ ವರದಿ ಕಳುಹಿಸಿದರು. ಏಳು ಶಾಸಕರ ಪತ್ರಗಳನ್ನು ಮುಖ್ಯಮಂತ್ರಿಯು ಒತ್ತಡ ಹೇರಿ ಪಡೆದಿದ್ದಾರೆ, ಕುದುರೆ ವ್ಯಾಪಾರ ನಡೆಯುತ್ತಿದೆ, ವಾತಾವರಣ ಕಲುಷಿತವಾಗುತ್ತಿದೆ ಎಂದು ಅದರಲ್ಲಿ ಬರೆದು ಮೊದಲಿನ ಶಿಫಾರಸನ್ನು ಪುನರುಚ್ಚರಿಸಿದರು. ಮೊದಲ ಪತ್ರಗಳನ್ನು ನಂಬಿ, ಎರಡನೆಯ ಪತ್ರಗಳನ್ನು ನಂಬದಿರಲು ಆಧಾರವೇನೆಂಬ ಪ್ರಶ್ನೆಯೇ ಮುಂದೆ ಮೊಕದ್ದಮೆಯ ತಿರುಳಾಯಿತು.

ಏಪ್ರಿಲ್ 21ರಂದು ರಾಷ್ಟ್ರಪತಿ ಆರ್. ವೆಂಕಟರಾಮನ್ ಉದ್ಘೋಷಣೆ ಹೊರಡಿಸಿದರು. ಸರ್ಕಾರ ವಜಾಗೊಂಡಿತು, ವಿಧಾನಸಭೆಯೂ ವಿಸರ್ಜನೆಯಾಯಿತು. ಬಳಿಕ ಸಂಸತ್ತು ಉದ್ಘೋಷಣೆಯನ್ನು ಅನುಮೋದಿಸಿತು.

ವಿಸರ್ಜನೆಯಿಂದ ಅಧಿಕಾರ ಕಳೆದುಕೊಂಡವರು ಮಂತ್ರಿಗಳು ಮಾತ್ರವಲ್ಲ. 1985ರಲ್ಲಿ ಐದು ವರ್ಷಗಳ ಅವಧಿಗೆ ಆಯ್ಕೆಯಾಗಿದ್ದ ಎಲ್ಲ ಶಾಸಕರ ಸದಸ್ಯತ್ವವೂ ಕೊನೆಗೊಂಡಿತು. ಬೆಂಬಲ ಹಿಂತೆಗೆದುಕೊಂಡವರು, ಮರಳಿ ಬಂದವರು, ವಿರೋಧ ಪಕ್ಷದವರು ಎಂಬ ಭೇದವಿರಲಿಲ್ಲ. ಆಗ ಕೋಲಾರ ಜಿಲ್ಲೆಯಲ್ಲಿದ್ದ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ ಕ್ಷೇತ್ರಗಳೂ ಸೇರಿದಂತೆ ರಾಜ್ಯದ ಯಾವ ಕ್ಷೇತ್ರಕ್ಕೂ ಮುಂದಿನ ಏಳು ತಿಂಗಳು ವಿಧಾನಸಭೆಯಲ್ಲಿ ಪ್ರತಿನಿಧಿ ಇರಲಿಲ್ಲ. 1989ರ ನವೆಂಬರ್‌ನಲ್ಲಿ ಲೋಕಸಭೆಯೊಂದಿಗೆ ವಿಧಾನಸಭೆಗೂ ಚುನಾವಣೆ ನಡೆದು, ಕಾಂಗ್ರೆಸ್ 178 ಸ್ಥಾನಗಳನ್ನು ಗೆದ್ದಿತು. ನವೆಂಬರ್ 30ರಂದು ವೀರೇಂದ್ರ ಪಾಟೀಲ್ ಮುಖ್ಯಮಂತ್ರಿಯಾದರು.

ಉಚ್ಚ ನ್ಯಾಯಾಲಯದಲ್ಲಿ

ಉದ್ಘೋಷಣೆಯನ್ನು ಪ್ರಶ್ನಿಸಿ 1989ರ ಏಪ್ರಿಲ್ 26ರಂದು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿ ಸಲ್ಲಿಸಲಾಯಿತು. ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠವು ಅರ್ಜಿಯನ್ನು ವಜಾ ಮಾಡಿತು. ಇಂತಹ ಉದ್ಘೋಷಣೆಯು ನ್ಯಾಯಾಂಗದ ಪರಿಶೀಲನೆಗೆ ಸಂಪೂರ್ಣವಾಗಿ ಹೊರತಲ್ಲ ಎಂಬುದನ್ನು ಪೀಠವು ಒಪ್ಪಿಕೊಂಡಿತಾದರೂ, ರಾಜ್ಯಪಾಲರ ವರದಿಯಲ್ಲಿದ್ದ ಸಂಗತಿಗಳು ಅಪ್ರಸ್ತುತವೆನ್ನಲಾಗದು, ಸದನದಲ್ಲಿ ಬಹುಮತ ಪರೀಕ್ಷೆ ನಡೆಯಲೇಬೇಕೆಂಬ ಕಡ್ಡಾಯವೂ ಇಲ್ಲ ಎಂದು ಹೇಳಿತು. ಇದರ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಹೋಯಿತು.

ಇತರ ರಾಜ್ಯಗಳ ಮೊಕದ್ದಮೆಗಳು

ನಾಗಾಲ್ಯಾಂಡ್‌ನಲ್ಲಿ 1988ರ ಆಗಸ್ಟ್ 7ರಂದು ಹಾಗೂ ಮೇಘಾಲಯದಲ್ಲಿ 1991ರ ಅಕ್ಟೋಬರ್ 11ರಂದು ಹೊರಡಿಸಿದ್ದ ಉದ್ಘೋಷಣೆಗಳಿಗೂ ಪಕ್ಷಾಂತರ ಮತ್ತು ಬಹುಮತದ ವಿವಾದಗಳೇ ಹಿನ್ನೆಲೆಯಾಗಿದ್ದವು.

ಉಳಿದ ಮೂರು ರಾಜ್ಯಗಳ ಸಂಗತಿ ಬೇರೆ ಬಗೆಯದು. 1992ರ ಡಿಸೆಂಬರ್ 6ರಂದು ಅಯೋಧ್ಯೆಯಲ್ಲಿ ಬಾಬರಿ ಮಸೀದಿಯನ್ನು ಕೆಡವಿದ ನಂತರ, ಡಿಸೆಂಬರ್ 15ರಂದು ಮಧ್ಯಪ್ರದೇಶ, ರಾಜಸ್ಥಾನ ಮತ್ತು ಹಿಮಾಚಲ ಪ್ರದೇಶಗಳ ಭಾರತೀಯ ಜನತಾ ಪಕ್ಷದ ಸರ್ಕಾರಗಳನ್ನು ವಜಾ ಮಾಡಲಾಯಿತು. ಅಲ್ಲಿ ಬಹುಮತದ ಪ್ರಶ್ನೆ ಇರಲಿಲ್ಲ. ಮಧ್ಯಪ್ರದೇಶ ಉಚ್ಚ ನ್ಯಾಯಾಲಯವು ಆ ರಾಜ್ಯದ ಉದ್ಘೋಷಣೆಯನ್ನು 1993ರಲ್ಲಿ ರದ್ದುಪಡಿಸಿತ್ತು.

ಪೀಠ ಮತ್ತು ಅಭಿಪ್ರಾಯಗಳು

ಪೀಠದಲ್ಲಿ ನ್ಯಾಯಮೂರ್ತಿಗಳಾದ ಎಸ್. ರತ್ನವೇಲ್ ಪಾಂಡಿಯನ್, ಎ. ಎಂ. ಅಹ್ಮದಿ, ಕುಲದೀಪ್ ಸಿಂಗ್, ಜೆ. ಎಸ್. ವರ್ಮಾ, ಪಿ. ಬಿ. ಸಾವಂತ್, ಕೆ. ರಾಮಸ್ವಾಮಿ, ಎಸ್. ಸಿ. ಅಗ್ರವಾಲ್, ಯೋಗೇಶ್ವರ್ ದಯಾಳ್ ಮತ್ತು ಬಿ. ಪಿ. ಜೀವನ್ ರೆಡ್ಡಿ ಇದ್ದರು. ಆಗ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ಕನ್ನಡಿಗರಾದ ಎಂ. ಎನ್. ವೆಂಕಟಾಚಲಯ್ಯ, ಅವರು ಈ ಪೀಠದಲ್ಲಿರಲಿಲ್ಲ.

ಒಟ್ಟು ಆರು ಪ್ರತ್ಯೇಕ ಅಭಿಪ್ರಾಯಗಳು ಹೊರಬಂದವು. ಸಾವಂತ್ ಅವರ ಅಭಿಪ್ರಾಯಕ್ಕೆ ಕುಲದೀಪ್ ಸಿಂಗ್, ಜೀವನ್ ರೆಡ್ಡಿಯವರದಕ್ಕೆ ಅಗ್ರವಾಲ್ ಸಹಮತ ಸೂಚಿಸಿದರು. ಪಾಂಡಿಯನ್ ಚಿಕ್ಕದೊಂದು ಪ್ರತ್ಯೇಕ ಅಭಿಪ್ರಾಯ ಬರೆದು ಇವರ ಜೊತೆಗೂಡಿದರು. ಈ ಐವರ ನಿಲುವೇ ಬಹುಮತದ ತೀರ್ಪು. ಅಹ್ಮದಿ, ರಾಮಸ್ವಾಮಿ ಹಾಗೂ ದಯಾಳ್ ಅವರೊಂದಿಗೆ ವರ್ಮಾ ನ್ಯಾಯಾಂಗ ಪರಾಮರ್ಶೆಯ ವ್ಯಾಪ್ತಿಯ ಬಗ್ಗೆ ಹೆಚ್ಚು ಸಂಕುಚಿತ ದೃಷ್ಟಿಯನ್ನು ಹೊಂದಿದ್ದರು. ರಾಜಕೀಯ ತೀರ್ಮಾನಗಳನ್ನು ಅಳೆಯಲು ನ್ಯಾಯಾಲಯದ ಬಳಿ ನಿಖರವಾದ ಅಳತೆಗೋಲು ಇಲ್ಲವೆಂಬುದು ಅವರ ಕಾಳಜಿಯ ಒಂದು ಮುಖ್ಯ ಅಂಶ. ಹಲವು ಅಭಿಪ್ರಾಯಗಳಿರುವ ಕಾರಣ, ತೀರ್ಪಿನ ಯಾವ ಮಾತು ಬಹುಮತದ್ದು ಎಂಬುದನ್ನು ಓದುವವರು ಎಚ್ಚರದಿಂದ ಗುರುತಿಸಿಕೊಳ್ಳಬೇಕಾಗುತ್ತದೆ.

ತೀರ್ಪಿನ ಮುಖ್ಯಾಂಶಗಳು

356ನೇ ವಿಧಿ ನೀಡುವ ಅಧಿಕಾರವು ನಿರಂಕುಶವಾದುದಲ್ಲ, ಷರತ್ತಿಗೆ ಒಳಪಟ್ಟ ಅಧಿಕಾರ ಎಂಬುದು ತೀರ್ಪಿನ ಅಡಿಪಾಯ. ಮನವರಿಕೆಗೆ ಆಧಾರವಾದ ಸಾಮಗ್ರಿ ಇರಬೇಕು ಮತ್ತು ಅದು ಪ್ರಸ್ತುತವಾಗಿರಬೇಕು. ಸಾಮಗ್ರಿಯೇ ಇಲ್ಲದಿದ್ದರೆ, ಇದ್ದದ್ದು ಅಪ್ರಸ್ತುತವಾಗಿದ್ದರೆ ಅಥವಾ ಅಧಿಕಾರವನ್ನು ದುರುದ್ದೇಶದಿಂದ ಬಳಸಿದ್ದರೆ ನ್ಯಾಯಾಲಯವು ಉದ್ಘೋಷಣೆಯನ್ನು ರದ್ದುಪಡಿಸಬಹುದು. ಸಾಮಗ್ರಿಯು ಸಾಕಷ್ಟಿತ್ತೇ, ಅದರಿಂದ ಬೇರೆ ತೀರ್ಮಾನಕ್ಕೆ ಬರಬಹುದಿತ್ತೇ ಎಂಬುದನ್ನು ಮಾತ್ರ ನ್ಯಾಯಾಲಯ ನೋಡುವುದಿಲ್ಲ.

ಮಂತ್ರಿಮಂಡಲವು ರಾಷ್ಟ್ರಪತಿಗೆ ನೀಡಿದ ಸಲಹೆಯನ್ನು ನ್ಯಾಯಾಲಯದಲ್ಲಿ ವಿಚಾರಣೆಗೆ ಒಳಪಡಿಸುವಂತಿಲ್ಲ ಎಂಬ 74ನೇ ವಿಧಿಯ ಎರಡನೆಯ ಖಂಡವನ್ನು ಕೇಂದ್ರ ಸರ್ಕಾರವು ಗುರಾಣಿಯಾಗಿ ಮುಂದಿಟ್ಟಿತ್ತು. ಸಲಹೆ ಬೇರೆ, ಸಲಹೆಗೆ ಆಧಾರವಾದ ಸಾಮಗ್ರಿ ಬೇರೆ ಎಂದು ನ್ಯಾಯಾಲಯವು ವಿಂಗಡಿಸಿತು. ಮೇಲ್ನೋಟಕ್ಕೆ ಆಕ್ಷೇಪಣೆಯಲ್ಲಿ ಹುರುಳಿದೆಯೆಂದು ಕಂಡುಬಂದರೆ, ಆ ಸಾಮಗ್ರಿಯನ್ನು ಹಾಜರುಪಡಿಸುವ ಹೊಣೆ ಕೇಂದ್ರದ್ದು. ವಿಶೇಷಾಧಿಕಾರದ ಇತರ ವಾದಗಳನ್ನು ಕೇಂದ್ರವು ಮಂಡಿಸಬಹುದು, ಆದರೆ 74ನೇ ವಿಧಿಯ ಹೆಸರಿನಲ್ಲಿ ಕಡತವನ್ನು ಮುಚ್ಚಿಡುವಂತಿಲ್ಲ. ಆಚರಣೆಯಲ್ಲಿ ತೀರ್ಪಿಗೆ ಬಲ ತಂದುಕೊಟ್ಟದ್ದು ಬಹುಶಃ ಈ ಅಂಶವೇ. ಕಾಗದವನ್ನು ನೋಡಲಾಗದ ನ್ಯಾಯಾಲಯದಿಂದ ಪರಿಶೀಲನೆ ಸಾಧ್ಯವಿಲ್ಲ.

ಎರಡೂ ಸದನಗಳು ಉದ್ಘೋಷಣೆಯನ್ನು ಅನುಮೋದಿಸುವವರೆಗೆ ರಾಷ್ಟ್ರಪತಿಯವರು ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ, ಅಮಾನತಿನಲ್ಲಿ ಇಡಬಹುದಷ್ಟೆ. ಅನುಮೋದನೆ ದೊರೆಯದಿದ್ದರೆ ಸರ್ಕಾರವೂ ವಿಧಾನಸಭೆಯೂ ಮರಳಿ ಜೀವ ಪಡೆಯುತ್ತವೆ. ಸಂಸತ್ತು ಅನುಮೋದಿಸಿದ ಮಾತ್ರಕ್ಕೆ ಉದ್ಘೋಷಣೆ ನ್ಯಾಯಾಲಯದ ಪರಿಶೀಲನೆಯಿಂದ ಪಾರಾಗುವುದೂ ಇಲ್ಲ. ಅದು ಅಸಿಂಧುವೆಂದು ಕಂಡುಬಂದರೆ ವಜಾಗೊಂಡ ಸರ್ಕಾರವನ್ನು ಪುನಃ ಸ್ಥಾಪಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಅರ್ಜಿ ಇತ್ಯರ್ಥವಾಗುವ ತನಕ ಹೊಸ ಚುನಾವಣೆಗೆ ತಡೆ ನೀಡಲೂಬಹುದು.

ಬಹುಮತದ ಬಗ್ಗೆ ಸಂಶಯ ಬಂದಾಗ ಪರೀಕ್ಷೆ ನಡೆಯಬೇಕಾದ ಸ್ಥಳ ಸದನ. ರಾಜ್ಯಪಾಲರ ಖಾಸಗಿ ಅಂದಾಜು ಅದಕ್ಕೆ ಬದಲಿಯಾಗದು. ವ್ಯಾಪಕ ಹಿಂಸಾಚಾರದಿಂದ ಮುಕ್ತ ಮತದಾನ ಅಸಾಧ್ಯವಾದಂತಹ ಅಸಾಧಾರಣ ಸಂದರ್ಭವಷ್ಟೇ ಇದಕ್ಕೆ ಅಪವಾದವಾಗಬಲ್ಲದು. ಲೋಕಸಭಾ ಚುನಾವಣೆಯಲ್ಲಿ ಬೇರೊಂದು ಪಕ್ಷ ಗೆದ್ದಿತೆಂಬ ಕಾರಣಕ್ಕೆ ರಾಜ್ಯ ಸರ್ಕಾರವನ್ನು ವಜಾ ಮಾಡುವಂತಿಲ್ಲವೆಂದೂ ಬಹುಮತದ ನ್ಯಾಯಮೂರ್ತಿಗಳು ಹೇಳಿದರು.

ಒಕ್ಕೂಟ ವ್ಯವಸ್ಥೆ ಮತ್ತು ಧರ್ಮನಿರಪೇಕ್ಷತೆ ಎರಡೂ ಸಂವಿಧಾನದ ಮೂಲ ರಚನೆಯ ಭಾಗಗಳು ಎಂದು ತೀರ್ಪು ಘೋಷಿಸಿತು. ಮೂಲ ರಚನೆಯ ಸಿದ್ಧಾಂತವು 1973ರಲ್ಲಿ ಕೇಶವಾನಂದ ಭಾರತಿ ಪ್ರಕರಣದಲ್ಲಿ ರೂಪುಗೊಂಡುದು. ಅದರ ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿಯವರು. ಆ ಸಿದ್ಧಾಂತ ಹುಟ್ಟಿದ್ದು ಸಂವಿಧಾನದ ತಿದ್ದುಪಡಿಗಳನ್ನು ಪರೀಕ್ಷಿಸಲು. ಬೊಮ್ಮಾಯಿ ಪ್ರಕರಣದಲ್ಲಿ ಅದು ಕಾರ್ಯಾಂಗದ ಕ್ರಮವನ್ನು ಅಳೆಯಲೂ ಬಳಕೆಯಾಯಿತು.

ಫಲಿತಾಂಶ

ಕರ್ನಾಟಕ, ನಾಗಾಲ್ಯಾಂಡ್ ಮತ್ತು ಮೇಘಾಲಯಗಳ ಉದ್ಘೋಷಣೆಗಳು ಅಸಾಂವಿಧಾನಿಕ ಎಂದು ತೀರ್ಮಾನವಾಯಿತು. ಆದರೆ ಅಷ್ಟರಲ್ಲಿ ಆ ರಾಜ್ಯಗಳಲ್ಲಿ ಚುನಾವಣೆಗಳು ನಡೆದು ಹೊಸ ಸರ್ಕಾರಗಳು ಬಂದಿದ್ದವು. ಕರ್ನಾಟಕದಲ್ಲಿ ವಜಾ ಆದೇಶಕ್ಕೂ ತೀರ್ಪಿಗೂ ನಡುವೆ ಸುಮಾರು ಐದು ವರ್ಷಗಳು ಕಳೆದಿದ್ದವು. ಬೊಮ್ಮಾಯಿಯವರಿಗೆ ದೊರೆತದ್ದು ತಮ್ಮ ವಾದ ಸರಿಯೆಂಬ ಘೋಷಣೆ ಮಾತ್ರ. ಕಳೆದುಹೋದ ಅಧಿಕಾರಾವಧಿಯಾಗಲಿ ಆ ವಿಧಾನಸಭೆಯಾಗಲಿ ಮರಳಲಿಲ್ಲ.

ಮಧ್ಯಪ್ರದೇಶ, ರಾಜಸ್ಥಾನ ಮತ್ತು ಹಿಮಾಚಲ ಪ್ರದೇಶಗಳ ಉದ್ಘೋಷಣೆಗಳನ್ನು ನ್ಯಾಯಾಲಯ ಎತ್ತಿಹಿಡಿಯಿತು. ಧರ್ಮನಿರಪೇಕ್ಷತೆಗೆ ವಿರುದ್ಧವಾಗಿ ನಡೆಯುವ ರಾಜ್ಯ ಸರ್ಕಾರವು ಸಂವಿಧಾನದಂತೆ ನಡೆಯುತ್ತಿದೆ ಎನ್ನಲಾಗದು ಎಂಬುದು ಅದರ ತರ್ಕ. ತೀರ್ಪಿನ ಈ ಭಾಗವು ಹೆಚ್ಚು ಟೀಕೆಗೆ ಒಳಗಾಗಿದೆ. ಬಹುಮತದ ಪ್ರಶ್ನೆಯಲ್ಲಿ ರಾಜ್ಯಪಾಲರ ಮಾತನ್ನು ಸಾಲದೆಂದ ನ್ಯಾಯಾಲಯವೇ ಇಲ್ಲಿ ರಾಜ್ಯಪಾಲರ ವರದಿಗಳನ್ನು ಸಾಕೆಂದು ಒಪ್ಪಿತೆಂಬುದು ಟೀಕಾಕಾರರ ಆಕ್ಷೇಪ.

ಮೂಲಭೂತ ಹಕ್ಕುಗಳೊಂದಿಗೆ ಸಂಬಂಧ

356ನೇ ವಿಧಿಯ ರಾಷ್ಟ್ರಪತಿ ಆಳ್ವಿಕೆಯನ್ನು 352ನೇ ವಿಧಿಯ ತುರ್ತು ಪರಿಸ್ಥಿತಿಯೊಂದಿಗೆ ಹಲವರು ಒಂದೆಂದು ಭಾವಿಸುವುದುಂಟು. ರಾಷ್ಟ್ರಪತಿ ಆಳ್ವಿಕೆಯಲ್ಲಿ ನಾಗರಿಕರ ಮೂಲಭೂತ ಹಕ್ಕುಗಳು ಅಮಾನತಾಗುವುದಿಲ್ಲ. 352ನೇ ವಿಧಿಯ ತುರ್ತು ಪರಿಸ್ಥಿತಿಯಲ್ಲಿ 359ನೇ ವಿಧಿಯಂತೆ ರಾಷ್ಟ್ರಪತಿಯವರು ಆದೇಶ ಹೊರಡಿಸಿ, ಹಕ್ಕುಗಳ ಜಾರಿಗಾಗಿ ನ್ಯಾಯಾಲಯಕ್ಕೆ ಹೋಗುವುದನ್ನು ತಡೆಹಿಡಿಯಬಹುದು.

ಎರಡನೆಯದರ ಅನುಭವವೂ ಕರ್ನಾಟಕಕ್ಕಿದೆ. 1975ರ ಜೂನ್ 26ರಂದು ಬೆಂಗಳೂರಿನಲ್ಲಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್. ಕೆ. ಅಡ್ವಾಣಿ ಮುಂತಾದ ನಾಯಕರನ್ನು ಬಂಧಿಸಲಾಯಿತು. ಅವರ ಹೇಬಿಯಸ್ ಕಾರ್ಪಸ್ ಅರ್ಜಿಗಳು ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ಬಂದವು. ಇಂತಹ ಅರ್ಜಿಗಳನ್ನು ವಿಚಾರಣೆ ಮಾಡಬಹುದೆಂಬ ಹಲವು ಉಚ್ಚ ನ್ಯಾಯಾಲಯಗಳ ನಿಲುವನ್ನು ಸರ್ವೋಚ್ಚ ನ್ಯಾಯಾಲಯವು 1976ರ ಏಪ್ರಿಲ್ 28ರಂದು ಎಡಿಎಂ ಜಬಲ್ಪುರ ಪ್ರಕರಣದಲ್ಲಿ ತಳ್ಳಿಹಾಕಿತು. ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. 44ನೇ ತಿದ್ದುಪಡಿಯ ನಂತರ 20 ಮತ್ತು 21ನೇ ವಿಧಿಗಳ ಹಕ್ಕುಗಳನ್ನು ಯಾವ ತುರ್ತು ಪರಿಸ್ಥಿತಿಯಲ್ಲೂ ಹೀಗೆ ತಡೆಹಿಡಿಯುವಂತಿಲ್ಲ. ಜಬಲ್ಪುರ ತೀರ್ಪನ್ನು 2017ರ ಆಗಸ್ಟ್ 24ರಂದು ಖಾಸಗಿತನದ ಹಕ್ಕಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅನೂರ್ಜಿತಗೊಳಿಸಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ.

ನಂತರದ ಪರಿಣಾಮಗಳು

ತೀರ್ಪಿನ ಬಳಿಕ 356ನೇ ವಿಧಿಯ ಬಳಕೆ ಗಮನಾರ್ಹವಾಗಿ ತಗ್ಗಿತು. ರಾಷ್ಟ್ರಪತಿ ಕೆ. ಆರ್. ನಾರಾಯಣನ್ ಅವರು 1997ರಲ್ಲಿ ಉತ್ತರ ಪ್ರದೇಶಕ್ಕೆ, 1998ರಲ್ಲಿ ಬಿಹಾರಕ್ಕೆ ಸಂಬಂಧಿಸಿದ ಶಿಫಾರಸುಗಳನ್ನು ಮರುಪರಿಶೀಲನೆಗೆ ಹಿಂದಿರುಗಿಸಿದರು. 1999ರ ಫೆಬ್ರವರಿಯಲ್ಲಿ ಬಿಹಾರದ ಮೇಲೆ ಹೇರಿದ ರಾಷ್ಟ್ರಪತಿ ಆಳ್ವಿಕೆಗೆ ರಾಜ್ಯಸಭೆಯ ಅನುಮೋದನೆ ದೊರೆಯುವ ಸಾಧ್ಯತೆ ಇಲ್ಲದ್ದರಿಂದ ಮಾರ್ಚ್‌ನಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು; ವಜಾಗೊಂಡಿದ್ದ ರಾಬ್ರಿ ದೇವಿ ಸರ್ಕಾರ ಮರಳಿ ಅಧಿಕಾರಕ್ಕೆ ಬಂದಿತು.

2005ರ ಮೇ ತಿಂಗಳಲ್ಲಿ, ಒಮ್ಮೆಯೂ ಸಭೆ ಸೇರದಿದ್ದ ಬಿಹಾರ ವಿಧಾನಸಭೆಯನ್ನು ವಿಸರ್ಜಿಸಲಾಯಿತು. ಆಗ ಮಾಸ್ಕೋದಲ್ಲಿದ್ದ ರಾಷ್ಟ್ರಪತಿ ಎ. ಪಿ. ಜೆ. ಅಬ್ದುಲ್ ಕಲಾಂ ಅಲ್ಲಿಂದಲೇ ಆದೇಶಕ್ಕೆ ಸಹಿ ಹಾಕಿದ್ದರು. ರಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಬೊಮ್ಮಾಯಿ ತೀರ್ಪನ್ನು ಅನ್ವಯಿಸಿ ಈ ಕ್ರಮ ಅಸಾಂವಿಧಾನಿಕವೆಂದು ಹೇಳಿತು. ಚುನಾವಣಾ ಪ್ರಕ್ರಿಯೆ ಆರಂಭವಾಗಿದ್ದರಿಂದ ವಿಧಾನಸಭೆಯನ್ನು ಮಾತ್ರ ಪುನಃ ಸ್ಥಾಪಿಸಲಿಲ್ಲ. 2016ರಲ್ಲಿ ಉತ್ತರಾಖಂಡ ಉಚ್ಚ ನ್ಯಾಯಾಲಯವು ಆ ರಾಜ್ಯದ ರಾಷ್ಟ್ರಪತಿ ಆಳ್ವಿಕೆಯನ್ನು ರದ್ದುಪಡಿಸಿತು. ಸರ್ವೋಚ್ಚ ನ್ಯಾಯಾಲಯವು ಆ ಆದೇಶಕ್ಕೆ ತಡೆ ನೀಡಿತಾದರೂ ಮೇ 10ರಂದು ಸದನದಲ್ಲಿ ಮತದಾನ ನಡೆಸಿತು. ಹರೀಶ್ ರಾವತ್ ಬಹುಮತ ಸಾಬೀತುಪಡಿಸಿದ ಮೇಲೆ ಕೇಂದ್ರವು ಉದ್ಘೋಷಣೆಯನ್ನು ಹಿಂಪಡೆಯಿತು.

ಕರ್ನಾಟಕದಲ್ಲಿಯೇ 2018ರ ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಸ್ಪಷ್ಟ ಬಹುಮತ ಬರಲಿಲ್ಲ. ಮೇ 17ರಂದು ಪ್ರಮಾಣವಚನ ಸ್ವೀಕರಿಸಿದ ಬಿ. ಎಸ್. ಯಡಿಯೂರಪ್ಪನವರಿಗೆ ಬಹುಮತ ಸಾಬೀತುಪಡಿಸಲು ರಾಜ್ಯಪಾಲ ವಜುಭಾಯಿ ವಾಲಾ 15 ದಿನಗಳ ಕಾಲಾವಕಾಶ ನೀಡಿದ್ದರು. ಸರ್ವೋಚ್ಚ ನ್ಯಾಯಾಲಯವು ರಾತ್ರಿಯೇ ಅರ್ಜಿಯ ವಿಚಾರಣೆ ಆರಂಭಿಸಿ, ಮೇ 19ರ ಸಂಜೆ 4 ಗಂಟೆಗೆ ಸದನದಲ್ಲಿ ಬಹುಮತ ಪರೀಕ್ಷೆ ನಡೆಯಬೇಕೆಂದು ಆದೇಶಿಸಿತು. ಯಡಿಯೂರಪ್ಪನವರು ಮತದಾನಕ್ಕೆ ಮುನ್ನವೇ ರಾಜೀನಾಮೆ ಘೋಷಿಸಿದರು. ಇದು ರಾಷ್ಟ್ರಪತಿ ಆಳ್ವಿಕೆಯ ಪ್ರಕರಣವಲ್ಲದಿದ್ದರೂ, 1989ರಲ್ಲಿ ಬೊಮ್ಮಾಯಿಯವರು ಕೇಳಿ ಪಡೆಯದೇ ಹೋದ ಪರೀಕ್ಷೆಯೇ 29 ವರ್ಷಗಳ ಬಳಿಕ ಅದೇ ವಿಧಾನಸೌಧದಲ್ಲಿ ನ್ಯಾಯಾಲಯದ ಆದೇಶದಂತೆ ಏರ್ಪಟ್ಟಿತು.

ಕರ್ನಾಟಕದಲ್ಲಿ ರಾಷ್ಟ್ರಪತಿ ಆಳ್ವಿಕೆ

ಮೈಸೂರು ರಾಜ್ಯವಾಗಿದ್ದಾಗಿನ 1971ರ ಸಂದರ್ಭವೂ ಸೇರಿದಂತೆ ಕರ್ನಾಟಕವು 1971, 1977, 1989, 1990 ಹಾಗೂ 2007ರಲ್ಲಿ ಎರಡು ಬಾರಿ, ಒಟ್ಟು ಆರು ಸಲ ರಾಷ್ಟ್ರಪತಿ ಆಳ್ವಿಕೆಗೆ ಒಳಗಾಗಿದೆ. 1977ರ ಡಿಸೆಂಬರ್ ಕೊನೆಯಲ್ಲಿ ವಜಾಗೊಂಡ ಡಿ. ದೇವರಾಜ ಅರಸು ಎರಡೇ ತಿಂಗಳಲ್ಲಿ ಚುನಾವಣೆ ಗೆದ್ದು ಮರಳಿದರು. 1990ರ ಅಕ್ಟೋಬರ್‌ನದು ಕೇವಲ ಒಂದು ವಾರದ್ದು. 2007ರ ಅಕ್ಟೋಬರ್ 9ರಂದು ರಾಷ್ಟ್ರಪತಿ ಆಳ್ವಿಕೆ ಜಾರಿಯಾದಾಗ ವಿಧಾನಸಭೆಯನ್ನು ವಿಸರ್ಜಿಸದೆ ಅಮಾನತಿನಲ್ಲಿ ಇರಿಸಲಾಗಿತ್ತು. ಅದರ ಮರುದಿನ, ಅಕ್ಟೋಬರ್ 10ರಂದು, ಎಸ್. ಆರ್. ಬೊಮ್ಮಾಯಿ ನಿಧನರಾದರು.